ಶಿವಕ್ಕ ಸಹಿ ಹಾಕದ ಮತಪತ್ರ

ಮಿಷಿಗನ್ ರಾಜ್ಯದ ವಾರೆನ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಶಿವಕ್ಕ, ಅಮೆರಿಕಕ್ಕೆ ಬಂದಾಗಿನಿಂದ ಗಂಡ ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕುತ್ತ ಬಂದವಳು. ವೀಸಾ, ತೆರಿಗೆ, ಇನ್ಶೂರೆನ್ಸ್, ಯಾವುದನ್ನೂ ಓದಿದವಳಲ್ಲ. ಗಂಡ ಗದಿಗೆಪ್ಪ ಕಾರು ಕಂಪನಿಯ ಇಂಜಿನಿಯರ್, ಕಾಗದಪತ್ರದಲ್ಲಿ ಅಚ್ಚುಕಟ್ಟು. ಕೆಟ್ಟವನಲ್ಲ. ಇಲ್ಲಿ ನಮ್ಮವರ ಮನೆಗಳಲ್ಲಿ ಗಂಡ ತುಂಬುತ್ತಾನೆ, ಹೆಂಡತಿ ಸಹಿ ಹಾಕುತ್ತಾಳೆ. ಪಿಎಚ್.ಡಿ. ಮಾಡಿದ ಹೆಂಗಸರೂ ಇದಕ್ಕೆ ಹೊರತಲ್ಲ.

ಪೌರತ್ವದ ಪರೀಕ್ಷೆಯೊಂದನ್ನು ಮಾತ್ರ ಅವನು ಅವಳ ಪರವಾಗಿ ಕೊಡುವಂತಿರಲಿಲ್ಲ. ರೊಟ್ಟಿ ಬಡಿಯುತ್ತ ಶಿವಕ್ಕನೇ ಎಲ್ಲ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದಳು. ಪೌರರಿಗೆ ಮಾತ್ರ ಇರುವ ಹಕ್ಕು ಯಾವುದೆಂದು ಅಧಿಕಾರಿ ಕೇಳಿದಾಗ "ವೋಟ್" ಎಂದು ಉತ್ತರಿಸಿ ಪಾಸಾದಳು. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವಳದು ಮೊದಲ ಮತ. ಹಿಂದಿನ ಸಲ ಇಡೀ ಮಿಷಿಗನ್ ರಾಜ್ಯ ಹನ್ನೊಂದು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಈ ಸಲ ಎರಡೂ ಪಕ್ಷದವರು ನಮ್ಮ ಬೀದಿಯ ಬಾಗಿಲು ತಟ್ಟುತ್ತಲೇ ಇದ್ದರು.

ಕೊರೋನಾ ಕಾಲವಾದ್ದರಿಂದ ಗಂಡ ಹೆಂಡತಿ ಮತಪತ್ರಗಳನ್ನು ಮನೆಗೇ ತರಿಸಿಕೊಂಡಿದ್ದರು. ಇಲ್ಲಿ ಅಧ್ಯಕ್ಷರ ಜೊತೆಗೆ ನ್ಯಾಯಾಧೀಶರನ್ನೂ ಅದೇ ಮತಪತ್ರದಲ್ಲಿ ಆರಿಸಬೇಕು. ಚುನಾವಣೆಗೆ ಎರಡು ದಿನವಿತ್ತು. ನಾನು ಮೊಸರಿನ ಹೆಪ್ಪು ಕೇಳಲು ಹೋಗಿ ಬಾಗಿಲಲ್ಲೇ ನಿಂತಿದ್ದೆ. ಗದಿಗೆಪ್ಪ ಎರಡೂ ಮತಪತ್ರ ತುಂಬಿ, ಅವಳ ಮತಪತ್ರ ಕಳಿಸುವ ಲಕೋಟೆಯನ್ನು ಮುಂದಿಟ್ಟ.

"ಇಲ್ಲೊಂದು ಸೈನ್ ಹಾಕ."

"ಇದನ್ನ ಯಾರು ತುಂಬ್ಯಾರ?"

"ನಾನ. ಮತ್ಯಾರು ತುಂಬಬೇಕಿತ್ತು?"

"ನನ್ನ ಒಂದ್ ಮಾತ್ ಕೇಳಿದ್ರೇನಾಗ್ತಿತ್ತು?"

"ಕೇಳೂದೇನೈತಿ? ಇಬ್ರದೂ ಒಂದ ಮನಿ."

"ಮನಿ ಒಂದರೀ. ಕಾಗದ ಎರಡು ಕಳಿಸ್ಯಾರಲ್ಲ?"

ಗದಿಗೆಪ್ಪ ನನ್ನ ಕಡೆ ತಿರುಗಿ ನಕ್ಕ. "ನೋಡ್ರಿ ಮೇಡಂ, ಸಿಟಿಜನ್ ಆದ ಮ್ಯಾಲೆ ಈಕಿ ಮಾತು ಜಾಸ್ತಿ ಆಗ್ಯಾವ."

ನಾನು ನಗಲಿಲ್ಲ. ಶಿವಕ್ಕ ಸಹಿ ಹಾಕಲಿಲ್ಲ.

ಲಕೋಟೆಯ ಮೇಲೆ ಸಹಿಯಿಲ್ಲದಿದ್ದರೆ ಮತ ಎಣಿಕೆಗೆ ಬರುವುದಿಲ್ಲ. ಇಂಕಿನಲ್ಲಿ ತುಂಬಿದ್ದನ್ನು ಅಳಿಸಲೂ ಆಗುವುದಿಲ್ಲ. ಹಟ ಹಿಡಿದರೆ ಮೊದಲ ಮತವೇ ಹಾಳು ಎಂದು ಗದಿಗೆಪ್ಪ ಎಚ್ಚರಿಸಿದ. ಸೋಮವಾರ ಶಿವಕ್ಕ ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ನಗರ ಕಚೇರಿಗೆ ಫೋನ್ ಮಾಡಿದಳು. ಇನ್ನೂ ಕಳಿಸಿಲ್ಲದ ಮತಪತ್ರವನ್ನು ಮತಗಟ್ಟೆಯಲ್ಲಿ ಒಪ್ಪಿಸಿದರೆ ಹೊಸದನ್ನು ಕೊಡುತ್ತಾರೆಂದು ತಿಳಿಯಿತು.

ಮಂಗಳವಾರ ಗದಿಗೆಪ್ಪನೇ ಕಾರಿನಲ್ಲಿ ಕರೆದುಕೊಂಡು ಹೋದ. ನಾನೂ ಮತ ಹಾಕಬೇಕಿತ್ತು, ಹಿಂದಿನ ಸೀಟಿನಲ್ಲಿ ಕೂತೆ. ಶಾಲೆಯ ಜಿಮ್ಮಿನಲ್ಲಿ ಶಿವಕ್ಕನ ಹಳೆಯ ಮತಪತ್ರವನ್ನು ರದ್ದು ಮಾಡಿ ಹೊಸದನ್ನು ಕೊಟ್ಟರು. ಅವಳು ನಿಧಾನವಾಗಿ ತುಂಬಿ, ಮತ ಎಣಿಸುವ ಯಂತ್ರದೊಳಗೆ ತಾನೇ ಹಾಕಿ ಬಂದಳು.

ಹಿಂದಿರುಗುವಾಗ ಗದಿಗೆಪ್ಪ ತಡೆಯಲಾರದೆ ಕೇಳಿದ. "ಯಾರಿಗೆ ಹಾಕ್ದಿ?"

"ಅಧ್ಯಕ್ಷರಿಗೆ? ನೀವು ಹಾಕಿದವ್ರಿಗೇ ಹಾಕೀನ್ರಿ."

"ಮತ್ತ ಇಷ್ಟೆಲ್ಲ ಯಾಕ ಬೇಕಿತ್ತು? ಅದನ್ನ ನಾ ತುಂಬಿದ್ನಲ್ಲ!"

"ಅದು ನಿಮ್ಮ ವೋಟಿತ್ತು."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದ. "ಕೆಳಗಿನ ಜಡ್ಜ್‌ಗೋಳಿಗೆ?"

"ಖಾಲಿ ಬಿಟ್ಟೆ. ಅವ್ರು ಯಾರಂತ ನನಗ ಗೊತ್ತಿಲ್ಲ. ನಿಮಗ ಗೊತ್ತಿತ್ತೇನ್ರಿ?"

ಗದಿಗೆಪ್ಪ ಕೆಂಪು ದೀಪ ನೋಡುತ್ತ ಕೂತ. ಅದು ಹಸಿರಾದರೂ ಹಿಂದಿನವನು ಹಾರ್ನ್ ಹೊಡೆಯುವವರೆಗೆ ಕಾರು ಬಿಡಲಿಲ್ಲ.