ಎಣ್ಣಿ ಎಂದರೆ ಎಣ್ಣೆಯಲ್ಲ

ನೀವು ನಂಬುವುದಿಲ್ಲ, ಆದರೂ ಹೇಳಿಬಿಡುತ್ತೇನೆ — ಏಳು ದೇಶಗಳಲ್ಲಿ ಆಫೀಸು ಇಟ್ಟುಕೊಂಡ ಕಂಪನಿಗೆ ನಾನು ಮೋಸ ಮಾಡಿದ್ದೇನೆ. ಒಂಬತ್ತನೆಯ ತರಗತಿಯಲ್ಲಿದ್ದಾಗ, ಅಥಣಿ ಕಡೆಯ ನಮ್ಮ ದ್ರಾಕ್ಷಿ ತೋಟದಲ್ಲಿ ನಿಂತು. ಕಂಪನಿಗಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಪಕ್ಕದ ತೋಟದ ಕಲ್ಲಪ್ಪ ಕಾಕಾರಿಗೂ ಮಾಡಿದೆ.

ಪರದೇಶಕ್ಕೆ ದ್ರಾಕ್ಷಿ ಕಳಿಸುವ ಆ ಕಂಪನಿ ಮೊದಲು ತೋಟ ನೋಡಲು ಮನುಷ್ಯರನ್ನು ಕಳಿಸುತ್ತಿತ್ತು. ಆಮೇಲೆ ಕಂಪ್ಯೂಟರೇ ಹೆಣ್ಣುದನಿಯಲ್ಲಿ ಫೋನ್ ಮಾಡತೊಡಗಿತು. ಅದರ ಕನ್ನಡವೋ — ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಬಂದ ಕನ್ನಡ!

"ರೈತ ಬಾಂಧವರೇ, ತಾವು ಈ ವಾರ ಏನನ್ನು ಸಿಂಪಡಿಸಿದ್ದೀರಿ?"

"ಎಣ್ಣಿ ಹೊಡದೇವ್ರಿ," ಅಂದ ಅಪ್ಪ.

ನಮ್ಮ ಕಡೆ ಕೀಟನಾಶಕಕ್ಕೇ ಎಣ್ಣಿ ಅನ್ನುತ್ತಾರೆ. ಕುಡಚಿ ಸ್ಟೇಶನ್ನಿನ ನಾಯಿಗೂ ಇದು ಗೊತ್ತು. ಏಳು ದೇಶದ ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಬೇವಿನೆಣ್ಣೆ ಎಂದು ತಿಳಿದು, ಮೊಬೈಲಿನಲ್ಲಿ ನಮ್ಮ ತೋಟಕ್ಕೆ ಹಸಿರು ಗುರುತು ಹಾಕಿತು — 'ವಿಷಮುಕ್ತ'! ಹಸಿರು ಬಿದ್ದ ತೋಟದ ಮಾಲನ್ನೇ ಮೊದಲು ಎತ್ತುತ್ತಾರೆ. ಆ ಮೊಬೈಲ್ ನೋಡುವವನು ಮನೆಯಲ್ಲಿ ನಾನೊಬ್ಬನೇ. ಅಪ್ಪನಿಗೆ ಹೇಳಲಿಲ್ಲ.

ಮರುದಿನ ಕಾಕಾ ಬಂದರು. ಅದೇ ಪಂಪಿನಿಂದ ಅದೇ ಎಣ್ಣಿ ಹೊಡೆದವರು.

"ತಮ್ಮಾ, ಆ ಫೋನಿನಾಕಿಗೆ ಏನ್ ಹೇಳಬೇಕಪಾ?"

ಇಲ್ಲಿ — ಇಲ್ಲಿಯೇ ನಾನು... ಇಬ್ಬರಿಗೂ ಹಸಿರಾದರೆ ನಮ್ಮ ಸರದಿ ಹಿಂದೆ ಬಿದ್ದೀತು ಅನ್ನಿಸಿತು.

"ಕಾಕಾ, ದೊಡ್ಡ ಕಂಪನಿ ಐತ್ರಿ. ಎಣ್ಣಿ-ಗಿಣ್ಣಿ ಅನಬ್ಯಾಡ್ರಿ. ಶುದ್ಧ ಕನ್ನಡದಾಗ 'ಕೀಟನಾಶಕ' ಅನ್ರಿ."

"ಭಾಳ ಶ್ಯಾಣ್ಯಾ ಅದೀಯಲೇ!" ಕಾಕಾ ನನ್ನ ಬೆನ್ನು ತಟ್ಟಿ, ಆ ಶಬ್ದವನ್ನು ಬಾಯಿಪಾಠ ಮಾಡುತ್ತ ಬದುವಿನ ಮೇಲೆ ನಡೆದರು.

ಅವರಿಗೆ ಕೆಂಪು ಬಿತ್ತು. ನಮ್ಮ ಅರ್ಧ ಮಾಲು ಲಾರಿ ಏರಿತು. ಅವರ ಗೊನೆಗಳು ಬಳ್ಳಿಯಲ್ಲೇ ಬಿರಿಯತೊಡಗಿದವು.

ನಾನಂತೂ ಚಕ್ರವರ್ತಿ! ಪಡಸಾಲೆಯಲ್ಲಿ ಗೆಳೆಯರನ್ನು ಕೂರಿಸಿ ಆಟ ಕಟ್ಟಿದೆ — ಫೋನೂ ನಾನೇ, ಅಪ್ಪನೂ ನಾನೇ, ಕಾಕಾರಿಗೆ ಬೇಕೆಂದೇ ಆ ಶಬ್ದ ಹೇಳಿಕೊಟ್ಟ ಶ್ಯಾಣ್ಯಾನೂ ನಾನೇ, "ಕೀ...ಟ...ನಾಶ್ಕಾ" ಎಂದು ತೊದಲುವ ಕಾಕಾ ಕೂಡ ನಾನೇ. ಒಬ್ಬ ನಕ್ಕು ನಕ್ಕು ಕಂಬ ಹಿಡಿದುಕೊಂಡ. ಆಮೇಲೆ ನೋಡಿದರೆ, ನಗುತ್ತಿದ್ದವನು ನಾನೊಬ್ಬನೇ.

ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಫೋನ್ ತಗೊ," ಅಂದ. "ಕಾಕಾನ ಮುಂದ ನಿಂತ ಕಂಪನಿಗೆ ಹಚ್ಚು. ಇಬ್ಬರೂ ಒಂದ ವಿಷ ಹೊಡದೇವಿ, ನಮ್ಮ ಹಸರ ತಗೀರಿ ಅನ್ನು."

"ಅಪ್ಪಾ, ನಮ್ಮ ಅರ್ಧಾ ಮಾಲ್ ಇನ್ನೂ—"

"ನಡಿ."

ಕಂಪ್ಯೂಟರು ತಪ್ಪು ತಿಳಿದುಕೊಂಡಿತ್ತು. ನಾನು ಸರಿಯಾಗಿ ತಿಳಿದೇ ಮಾಡಿದ್ದೆ. ಫೋನ್ ಎತ್ತಿಕೊಂಡು ಅಪ್ಪನ ಹಿಂದೆ ಕಾಕಾರ ಮನೆಗೆ ನಡೆದೆ.