ನೀರು ಕೊಡಲು ಒಪ್ಪದ ಚಾದರಕ್ಕ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಎಲ್ಲರೂ ಅವಳನ್ನು ಚಾದರಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಹಾಸಿಗೆಯ ಚಾದರಗಳನ್ನು ಒಗೆದು, ಒಣಗಿಸಿ, ಮಡಿಸಿ ವಾರ್ಡುಗಳಿಗೆ ಕೊಟ್ಟವಳು. ಒಂದು ತುದಿ ತಾನು, ಇನ್ನೊಂದು ತುದಿ ಜೊತೆಗಾತಿ ಹಿಡಿದು, ಎದುರುಬದುರು ನಡೆದು ಬಂದು ಅಂಚಿಗೆ ಅಂಚು ಕೂಡಿಸಿ, ಮತ್ತೆ ಹಿಂದೆ ಸರಿಯುವುದು. ಐವತ್ನಾಲ್ಕು ವರ್ಷದ ಆ ಕೈಗಳಿಗೆ ಸುಸ್ತೆಂಬುದೇ ಗೊತ್ತಿರಲಿಲ್ಲ. ಕಾಲುಗಳ ವಿಷಯ ಬೇರೆ.

ಆಸ್ಪತ್ರೆಯ ಎದುರಿನ ಉದ್ಯಾನದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಗುಂಪು ವ್ಯಾಯಾಮ, ಯಾರು ಬೇಕಾದರೂ ಬರಬಹುದು, ಹದಿಮೂರನೆಯ ವಾರ ಹತ್ತು ಕಿಲೋಮೀಟರ್ ಓಟ ಎಂದು ಗೋಡೆಗೆ ಚೀಟಿ ಅಂಟಿಸಿದ್ದರು. ಚಾದರದ ಗಾಡಿ ತಳ್ಳಿಕೊಂಡು ಹೋಗುವಾಗ ಚಾದರಕ್ಕ ಅದನ್ನು ಮೂರು ದಿನ ಓದಿದಳು. ನಾಲ್ಕನೆಯ ದಿನ ಹೋಗುವುದೆಂದು ತೀರ್ಮಾನಿಸಿದಳು. ಯಾರೂ ಹೋಗು ಅಂದಿರಲಿಲ್ಲ. ಅದೇ ಅವಳಿಗೆ ಹಿಡಿಸಿದ್ದು.

ಮೊದಲ ಭಾನುವಾರ ಅವಳು ಕೆಲಸದ ಕ್ಯಾನ್ವಾಸ್ ಶೂ ಹಾಕಿಕೊಂಡೇ ಹೋದಳು. ಕೈ ಮೇಲೆತ್ತಿ ಹಿಡಿಯಿರಿ ಅಂದಾಗ ಎಳೆಯ ಹುಡುಗಿಯರೆಲ್ಲ ಕೈ ಇಳಿಸಿದರೂ ಇವಳದು ಕಂಬದ ಹಾಗೆ ನಿಂತಿತ್ತು. ಕುಕ್ಕರುಗಾಲಲ್ಲಿ ಕೂತು ಏಳುವುದೂ ಹೇಗೋ ನಡೆಯಿತು. ಆಮೇಲೆ ಓಟ ಶುರುವಾಯಿತು. ಅರ್ಧ ಸುತ್ತಿಗೆ ಎದೆ ತಿದಿಯಾಯಿತು. ಒಂದು ಸುತ್ತು ಮುಗಿಯುವಷ್ಟರಲ್ಲಿ ಕಲ್ಲುಬೆಂಚು ಹುಡುಕಿಕೊಂಡು ಕೂತಳು.

ತರಬೇತಿ ಕೊಡುವವನು ಮೂವತ್ತರ ಯುವಕ, ಕೊರಳಲ್ಲಿ ಸೀಟಿ. ಒಳ್ಳೆಯವನೇ. ಪಕ್ಕದಲ್ಲಿ ಮಂಡಿಯೂರಿ ಕೂತು ಹೇಳಿದ, “ಅಮ್ಮಾ, ಹನ್ನೆರಡನೇ ವಾರ ಪರೀಕ್ಷೆ ಇರುತ್ತೆ. ನಲವತ್ತು ನಿಮಿಷ ನಿಲ್ಲದೆ ಓಡಿದೋರಿಗೆ ಮಾತ್ರ ಓಟದಲ್ಲಿ ಜಾಗ. ನೀವ್ಯಾಕೆ ಕಷ್ಟಪಡ್ತೀರಾ? ಆ ದಿನ ದಾರೀಲಿ ನೀರು ಕೊಡೋಕೂ ಜನ ಬೇಕು.”

“ಮೂವತ್ತು ವರ್ಷದಿಂದ ಕೊಡೋ ಕೆಲ್ಸಾನೇ ಮಾಡಿದೀನಪ್ಪ,” ಅಂದಳು ಚಾದರಕ್ಕ, ಉಸಿರು ಹಿಡಿದು ಹಿಡಿದು. “ಈ ಸಲ ನೀರು ಈಸ್ಕೊಳ್ಳೋ ಕಡೆ ಇರ್ತೀನಿ.”

ಮನೆಗೆ ಹೋದರೆ ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚಿ ಹರಡಿಕೊಂಡು ಕೂತಿದ್ದ. ಗಡಿಯಾರ ರಿಪೇರಿ ಅವನ ಕಸುಬು. ಹೆಂಡತಿ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದದ್ದನ್ನು ಕಂಡು ತುಟಿಯಂಚಲ್ಲೇ ನಕ್ಕ.

“ಯಾರೇ ಅಟ್ಟಿಸ್ಕೊಂಡು ಬಂದ್ರು?”

“ಯಾರೂ ಇಲ್ಲ. ನಾನಾಗೇ ಓಡಿದೆ.”

“ಈ ವಯಸ್ಸಲ್ಲಾ? ಹದಿನೈದು ದಿನ ನೋಡು, ನೀನೇ ಬಿಡ್ತೀಯ. ತಗೋ, ಈ ಗಡಿಯಾರ ಕಟ್ಕೊ. ಎಷ್ಟು ನಿಮಿಷಕ್ಕೆ ಬಿದ್ದೆ ಅಂತಾದ್ರೂ ಗೊತ್ತಾಗ್ಲಿ.”

“ನಿಮ್ಮ ಗಡಿಯಾರ ನಿಮ್ಮ ಹತ್ರಾನೇ ಇರ್ಲಿ,” ಅಂದು ಅವಳು ಒಳಗೆ ಹೋದಳು. ಆ ಮಾತೇ ಮುಂದಿನ ಎಲ್ಲಕ್ಕೂ ಕಾರಣವಾಯಿತು.

ಭಾನುವಾರ ಉದ್ಯಾನದಲ್ಲಿ ಬರೀ ವ್ಯಾಯಾಮ, ಒಂದೆರಡು ಸುತ್ತು ಓಟ. ಉದ್ದದ ಓಟವನ್ನು ವಾರದ ನಡುವೆ ಅವರವರೇ ಮಾಡಿಕೊಳ್ಳಬೇಕಿತ್ತು. ಚಾದರಕ್ಕ ಕೆಲಸಕ್ಕೆ ಬೇಗ ಬಂದು, ದೊಡ್ಡ ಒಗೆಯುವ ಯಂತ್ರಕ್ಕೆ ದಿನದ ಮೊದಲ ಚಾದರಗಳನ್ನು ತುಂಬಿ, ಹಿತ್ತಲಲ್ಲಿದ್ದ ನೀರಿನ ತೊಟ್ಟಿಯ ಸುತ್ತ ಓಡತೊಡಗಿದಳು. ಒಗೆಯುವ ಕೋಣೆಗೆ ಫೋನ್ ತರುವಂತಿಲ್ಲ. ಗೋಡೆ ಗಡಿಯಾರ ಹಬೆ ಕುಡಿದು ಎಂದೋ ನಿಂತಿತ್ತು. ಆದರೆ ಯಂತ್ರದ ಹಣೆಯ ಮೇಲೆ ನಲವತ್ತು ನಿಮಿಷ ಎಂದು ಬರೆದಿತ್ತಲ್ಲ, ಇನ್ನೇನು ಬೇಕು? ನೀರು ತುಂಬಿಕೊಂಡು, ತೊಳೆದು, ಜಾಲಿಸಿ, ಹಿಂಡಿ, ಕೊನೆಗೆ ಗಂಟೆ ಹೊಡೆಯುತ್ತದೆ. ಗಂಟೆಯವರೆಗೆ ಓಡಿದರೆ ಪರೀಕ್ಷೆ ಗೆದ್ದ ಹಾಗೆ.

ಅವಳಿಗಾಗಿ ತಾನೂ ಬೇಗ ಬರುತ್ತಿದ್ದ ಜೊತೆಗಾತಿ ಕಿಟಕಿಯಲ್ಲಿ ತಲೆ ಹಾಕಿ ಸುದ್ದಿ ಕೊಡುತ್ತಿದ್ದಳು.

“ಅಕ್ಕಾ, ಇನ್ನೂ ನೀರೇ ತುಂಬ್ತಿದೆ. ಪೈಪಲ್ಲಿ ತುಕ್ಕು ಕಟ್ಟಿ ದಾರದ ಹಾಗೆ ಬರ್ತಿದೆ.”

ಮೊದಲ ವಾರ ನೀರು ತುಂಬುವಷ್ಟರಲ್ಲೇ ಅವಳ ಉಸಿರು ಖಾಲಿ. ನಾಲ್ಕನೆಯ ವಾರಕ್ಕೆ ತೊಳೆಯುವಲ್ಲಿಗೆ ಮುಟ್ಟಿದಳು. ಏಳನೆಯ ವಾರ ಜಾಲಿಸುವಲ್ಲಿ ಸಿಕ್ಕಿಹಾಕಿಕೊಂಡಳು, ಎಷ್ಟು ದಿನ ಮಾಡಿದರೂ ಅಲ್ಲಿಂದಾಚೆ ಕಾಲು ಹೋಗಲೊಲ್ಲದು. ಎಡಮಂಡಿ ಊದಿ ಎರಡು ದಿನ ಕುಂಟಿದಳು. ಮೂರನೆಯ ದಿನ ಊತ ಇಳಿದಿದ್ದರೂ ತೊಟ್ಟಿಯ ಕಟ್ಟೆಯ ಮೇಲೆ ಕೂತೇಬಿಟ್ಟಳು.

“ಸಾಕು ಕಣೇ. ನನ್ನ ಕೈಲಿ ಆಗಲ್ಲ.”

“ಒಳ್ಳೇದಾಯ್ತು ಬಿಡು,” ಅಂದಳು ಜೊತೆಗಾತಿ. “ನಾನೂ ನಾಳೆಯಿಂದ ನಿದ್ದೆ ಮಾಡ್ತೀನಿ. ಭಾವನಿಗೂ ಸಮಾಧಾನ. ನಾನು ಹೇಳಿರ್ಲಿಲ್ವಾ ಅಂತ ಅಂದ್ಕೊಂಡು ಊಟ ಮಾಡ್ತಾರೆ.”

ಚಾದರಕ್ಕನ ಕಣ್ಣಿಗೆ ಆ ಊಟ ಕಂಡಿತು. ತಟ್ಟೆಯ ಮುಂದೆ ಕೂತ ಗಂಡ, ಆ ತುಟಿಯಂಚಿನ ನಗು. ಅದನ್ನು ದಿನಾ ನೋಡುವುದಕ್ಕಿಂತ ಮಂಡಿನೋವೇ ವಾಸಿ ಅನ್ನಿಸಿತು. ಮಂಡಿಗೊಂದು ಬಟ್ಟೆಪಟ್ಟಿ ಬಿಗಿದು ಎದ್ದಳು.

“ಯಂತ್ರ ಎಲ್ಲಿಗೆ ಬಂತು?”

“ತೊಳೀತಿದೆ.”

“ತೊಳೀಲಿ,” ಅಂದು ಮತ್ತೆ ಹೊರಟಳು.

ಹನ್ನೊಂದನೆಯ ವಾರ ಮುಗಿದಾಗ ಹಿಂಡುವ ಸದ್ದು ಶುರುವಾಗುವವರೆಗೆ ಓಡುತ್ತಿದ್ದಳು. ಗಂಟೆಯನ್ನು ಮಾತ್ರ ಒಂದು ದಿನವೂ ಮುಟ್ಟಿರಲಿಲ್ಲ. ಪರೀಕ್ಷೆಗೆ ಹೊರಟ ಬೆಳಿಗ್ಗೆ ಅವಳ ಎದೆಯಲ್ಲಿದ್ದದ್ದು ಒಂದೇ ಲೆಕ್ಕ: ಹಿಂಡುವುದು ಮುಗಿಯುವ ತನಕ ಬೀಳಬಾರದು.

ಹತ್ತೊಂಬತ್ತು ಜನ ಓಡಿದರು. ಕಲ್ಲುಬೆಂಚಿನ ಮೇಲೆ, ಹಾಲು ತರಲು ಬಂದವನ ಹಾಗೆ ಚೀಲ ಹಿಡಿದು ಗಂಡ ಕೂತಿದ್ದ. ಅವಳು ಕಂಡೂ ಕಾಣದ ಹಾಗೆ ದಾಟಿದಳು. ತಲೆಯೊಳಗೆ ಯಂತ್ರ ನಡೆಯುತ್ತಿತ್ತು. ನೀರು ತುಂಬಿತು, ತೊಳೆಯಿತು. ಜಾಲಿಸುವಾಗ ಕಾಲು ಕಬ್ಬಿಣವಾಯಿತು, ಆದರೂ ಬಿಡಲಿಲ್ಲ. ಅಷ್ಟರಲ್ಲಿ ಸೀಟಿ ಕೇಳಿಸಿತು. ಸುತ್ತಲಿದ್ದವರೆಲ್ಲ ನಿಂತು ಸೊಂಟ ಹಿಡಿದುಕೊಂಡರು. ಚಾದರಕ್ಕ ನಿಲ್ಲಲಿಲ್ಲ.

ತರಬೇತಿಯವನು ಪಕ್ಕದಲ್ಲೇ ಓಡಿಬಂದ. “ಅಮ್ಮಾ, ನಿಲ್ಲಿ. ನಲವತ್ತು ನಿಮಿಷ ಆಯ್ತು.”

“ಸುಳ್ಳು ಹೇಳ್ಬೇಡಪ್ಪ. ಮುದುಕಿ ಅಂತ ಕನಿಕರ ಬೇಡ ನಂಗೆ.”

“ನಿಜ ಅಮ್ಮಾ, ಗಡಿಯಾರ ನೋಡಿ.”

“ಗಡಿಯಾರದ ಮಾತು ನನ್ನ ಹತ್ರ ಎತ್ಬೇಡ. ಇನ್ನೂ ಹಿಂಡೋಕೇ ಶುರುವಾಗಿಲ್ಲ.”

ಅವನು ಏನೂ ಅರ್ಥವಾಗದೆ ಹಿಂದುಳಿದ. ಅವಳು ಇನ್ನೊಂದು ಸುತ್ತು ಹಾಕಿದಳು, ಮತ್ತೊಂದು ಹಾಕಿದಳು. ನಿಂತವರೆಲ್ಲ ಮಾತು ಬಿಟ್ಟು ಅವಳನ್ನೇ ನೋಡತೊಡಗಿದರು. ಕೊನೆಗೆ ಅವಳ ಕಿವಿಯೊಳಗೆ ಎಂದೂ ಓಡುತ್ತ ಕೇಳಿರದ ಆ ಗಂಟೆ ಹೊಡೆಯಿತು. ಬಂದು ಗಂಡನ ಬೆಂಚಿನ ತುದಿಗೆ ಕೂತಳು.

ಗಂಡ ಅಂಗೈಯಲ್ಲಿದ್ದ ಗಡಿಯಾರ ಮುಂದೆ ಹಿಡಿದ. “ಐವತ್ತೆರಡು ನಿಮಿಷ. ಏನೇ ನೋಡ್ಕೊಂಡು ಓಡ್ತಿದ್ದೆ ಇಷ್ಟು ದಿನ?”

“ಒಗೆಯೋ ಯಂತ್ರ. ನಲವತ್ತು ಅಂತ ಬರೆದಿದೆ.”

ಅವನು ಕಸುಬುದಾರ, ಕ್ಷಣದಲ್ಲೇ ತಿಳಿಯಿತು. “ನೀರು ತುಂಬಿದ ಮೇಲಿನ ನಲವತ್ತು ಕಣೇ ಅದು. ನೀನು ಯಾವಾಗ್ಲೂ ಬೈಯೋ ಆ ಹಾಳು ಪೈಪಲ್ಲಿ ತುಂಬೋಕೇ ಹನ್ನೆರಡು ನಿಮಿಷ ಹಿಡಿದಿರುತ್ತೆ. ದಿನಾ ಅಷ್ಟೂ ದಂಡಕ್ಕೆ ಓಡಿದೀಯ. ಆವತ್ತೇ ಗಡಿಯಾರ ತಗೊಂಡಿದ್ರೆ...”

“ತಗೊಂಡಿದ್ರೆ ನಲವತ್ತಕ್ಕೇ ನಿಲ್ತಿದ್ದೆ,” ಅಂದಳು ಚಾದರಕ್ಕ.

ಗಂಡನ ತುಟಿಯಂಚು ಅಲುಗಿತು. ಈ ಸಲ ಅದು ಬೇರೆ ನಗು. ಚೀಲದೊಳಗೆ ಕೈ ಹಾಕಿ ನೀರಿನ ಬಾಟಲಿ ತೆಗೆದುಕೊಟ್ಟ. ಹಾಲಿನ ಪಾತ್ರೆ ಆ ಚೀಲದಲ್ಲಿ ಇರಲೇ ಇಲ್ಲ.

ತರಬೇತಿಯವನು ಪಟ್ಟಿ ಹಿಡಿದು ಬಂದ. “ನಿಮ್ಮ ಹೆಸರು ಓಡೋರಲ್ಲಿ ಬರ್ಕೊಂಡೆ ಅಮ್ಮಾ. ನೀರು ಕೊಡೋಕೇ ಒಬ್ರು ಕಮ್ಮಿ ಆದ್ರು ಈಗ.”

ಚಾದರಕ್ಕ ಬಾಟಲಿಯ ನೀರನ್ನು ಪೂರ್ತಿ ಕುಡಿದಳು. ಅವಸರವೇನೂ ಇರಲಿಲ್ಲ. ಆಮೇಲೆ ಬಾಯೊರೆಸಿಕೊಂಡು, ಪಕ್ಕದಲ್ಲಿದ್ದವನ ಕಡೆ ಗದ್ದ ತೋರಿಸಿದಳು.

“ಇವರನ್ನ ಹಾಕ್ಕೊಳಪ್ಪ. ಕೈ ಪಳಗಿದೆ.”