ಏಕಾದಶಿಯ ಬೆಂಕಿ

ಅರವತ್ತರ ದಶಕದಲ್ಲಿ ಗೋಬರ್ ಗ್ಯಾಸ್ ತೊಟ್ಟಿ ಕಟ್ಟಿಸುವುದು ನನ್ನ ಕೆಲಸವಾಗಿತ್ತು. ಬನಶಂಕರಿ ಹತ್ತಿರ ಒಬ್ಬರು ಮನೆ ಹಿತ್ತಲಲ್ಲೇ ಅವಲಕ್ಕಿ ಮಿಲ್ ಇಟ್ಟಿದ್ದರು. ಸಗಣಿ ಸಾಲದೆ, ಭತ್ತ ನೆನೆಸಿದ ನೀರು, ಜರಡಿಯಲ್ಲಿ ಉಳಿದ ಅವಲಕ್ಕಿ ಪುಡಿ ಎಲ್ಲ ಸೇರಿಸಿ ಕೊಳೆಸಿದೆವು. ಗ್ಯಾಸ್ ಬಂದೇಬಿಟ್ಟಿತು. ಅಡುಗೆಮನೆಯಲ್ಲಿ ಒಲೆ ಹಚ್ಚಿದರೆ ನೀಲಿ ಉರಿ! ನಾನು ಬೀಗುತ್ತಾ ನಿಂತಿದ್ದೆ.

ಕಾಫಿಗೆ ಹಾಲಿಡಲು ಬಂದ ಮಿಲ್ ಯಜಮಾನರ ತಾಯಿ ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟರು.

“ಇದು ಅಕ್ಕಿಯಿಂದ ಬಂದ ಬೆಂಕಿ ತಾನೆ? ಇವತ್ತು ಏಕಾದಶಿ. ಅಕ್ಕಿ ಮುಟ್ಟೋ ಹಾಗಿಲ್ಲವಲ್ಲಪ್ಪಾ.”

ನಾನು ಯಜಮಾನರ ಮುಖ ನೋಡಿದೆ. ಅವರು ಸೂರು ನೋಡುತ್ತಿದ್ದರು. ಅಮ್ಮ ಒಪ್ಪದಿದ್ದರೆ ಆ ಮನೆಗೆ ಮತ್ತೆ ಸೌದೆಯೇ ಗತಿ.

“ಅಮ್ಮಾ, ಹಸೂನೂ ಅಕ್ಕಿ ತೌಡು ತಿನ್ನುತ್ತೆ. ಅದರ ಹಾಲು ಏಕಾದಶಿ ದಿನ ನೀವು ಕುಡಿಯಲ್ವೆ?” ಅಂದೆ.

“ನಿಮ್ಮ ತೊಟ್ಟಿ ಹಸುವೇನಪ್ಪಾ?”

“ಹೆಚ್ಚುಕಮ್ಮಿ ಹಾಗೇ. ಹಸುವಿನ ಹೊಟ್ಟೆಯೊಳಗೆ ಆಗೋದೇ ಇದರೊಳಗೂ ಆಗುತ್ತೆ.”

ಅವರು ಹಿತ್ತಲ ಬಾಗಿಲಿಗೆ ಹೋಗಿ ತೊಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದರು. ವಾಪಸು ಬಂದು ಒಲೆಯ ಮೇಲೆ ಹಾಲಿಟ್ಟರು. ಆಮೇಲೆ ಮಗನನ್ನು ಗದರಿದರು: “ಸುಮ್ಮನೆ ನಿಂತಿದೀಯಲ್ಲೋ, ಹೋಗಿ ಅದಕ್ಕೆ ಹಾಕೋದು ಹಾಕು. ಏಕಾದಶಿ ನಮಗೆ, ಹಸೂಗಲ್ಲ.”

ಊಟದ ಹೊತ್ತಾಗಿದ್ದರೂ ನನಗೆ ಸಿಕ್ಕಿದ್ದು ಒಂದು ಲೋಟ ಕಾಫಿ. ಅವತ್ತು ಆ ಮನೆಯಲ್ಲಿ ಹೊಟ್ಟೆತುಂಬ ಉಂಡದ್ದು ನಾನು ಕಟ್ಟಿಸಿದ ತೊಟ್ಟಿಯೊಂದೇ.